ಗಾಂಧಿ ಕ್ಲಾಸಿನಿಂದ: ಬೇವಿನ ಗಿಡ ಮತ್ತು ಟಿವಿ ಪೆಟ್ಟಿಗೆ



ಹೋದ ವಾರ ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ನನ್ನನ್ನು ಅಡ್ಡಗಟ್ಟಿದ. ಒಂದು ಕೈಯಲ್ಲಿ ನಮ್ಮ ಪತ್ರಿಕೆ, ಇನ್ನೊಂದರಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾವುದೋ ಫೈಟು! "ಅಣ್ಣಾರ, ವಾರಾ ವಾರಾ ಟಾಕೀಸು, ಟೆಂಟು, ಗಾಂಧಿ ಕ್ಲಾಸು ಅಂತ ಬರೀತೀರಿ. ಟಿವಿ ಬಗ್ಗೆ ಒಂದ್ ಸಾಲೂ ಇಲ್ಲ. ಯಾಕ್ರೀ, ಟಿವಿ ಮ್ಯಾಲ ಏನರ ಸಿಟ್ಟದೇನು?" ಅಂದ.

ಸಿಟ್ಟೇ? ಇಪ್ಪತ್ತು ವರ್ಷ ಆ ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ರೊಟ್ಟಿ ತಿಂದವನು ನಾನು. ಅದರ ಮೇಲೆ ಸಿಟ್ಟು ಮಾಡಿದರೆ ಅನ್ನಪೂರ್ಣೆಯ ಮೇಲೆ ಸಿಟ್ಟು ಮಾಡಿದ ಹಾಗೆ. ಬರೆಯದೇ ಇದ್ದದ್ದಕ್ಕೆ ಕಾರಣ ಬೇರೆ ಇದೆ. ಅವತ್ತು ಹುಡುಗನಿಗೆ ಹೇಳೋಣ ಅನ್ನುವಷ್ಟರಲ್ಲಿ ಬಸ್ಸು ಬಂತು. ಇವತ್ತು ಹೇಳ್ತೀನಿ.

ನನ್ನ ಹುಟ್ಟೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಯಾಕೆ ಅನ್ನೋದು ಮುಂದೆ ನಿಮಗೇ ತಿಳಿಯುತ್ತೆ. 1975ರಲ್ಲಿ ನನಗೆ ಹತ್ತು ವರ್ಷ. ಅಷ್ಟರೊಳಗೆ ನಾನು ನೋಡಿದ್ದ ಸಿನಿಮಾ ಎಂಟೋ ಒಂಬತ್ತೋ, ಎಲ್ಲವೂ ಗಾಣಗಾಪುರದ ಜಾತ್ರೆಯ ಟೆಂಟಿನಲ್ಲಿ, ನೆಲದ ಟಿಕೇಟಿನಲ್ಲಿ. ಇಂಥಾ ಊರಿಗೆ ಒಂದು ದಿನ ಜೀಪು ಬಂತು. ಜೀಪಿನಿಂದ ಇಳಿದವರು ಸರ್ಕಾರಿ ಶಾಲೆಯ ಹತ್ತಿರ ದೊಡ್ಡದೊಂದು ಬುಟ್ಟಿ ನಿಲ್ಲಿಸಿದರು. ಹತ್ತು ಅಡಿ ಅಗಲ. ಕೋಳಿಗೂಡಿಗೆ ಹೊಡೆಯೋ ತಂತಿ ಜಾಳಿಗೆಯಿಂದ ಮಾಡಿದ್ದು, ಬಾಯಿ ಆಕಾಶಕ್ಕೆ! ಊರ ಮುದುಕರೊಬ್ಬರು ಸುತ್ತು ಹಾಕಿ ನೋಡಿ, "ಇದರಾಗ ಏನ್ ಬೀಳತದಪಾ?" ಅಂತ ಕೇಳಿದರು. "ಚಿತ್ರ ಬೀಳ್ತಾವ ಅಜ್ಜಾ" ಅಂದರು ಜೀಪಿನವರು. ಅಜ್ಜ ನಗಲಿಲ್ಲ, ಮಳೆ ಬೀಳೋದೇ ಕಷ್ಟವಿದ್ದ ಕಾಲ ಅದು.

ಚಿತ್ರ ಬಿದ್ದದ್ದು ನಿಜ. ಅಮೆರಿಕದ ನಾಸಾ ಸಂಸ್ಥೆಯವರು ತಮ್ಮ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕೊಟ್ಟಿದ್ದರು. ನಮ್ಮ ಇಸ್ರೋ ವಿಜ್ಞಾನಿಗಳು ಅಹಮದಾಬಾದಿನಿಂದ ಕಾರ್ಯಕ್ರಮವನ್ನು ಮೇಲಕ್ಕೆ ಎಸೆಯೋದು, ಅದು ಮೇಲಿನಿಂದ ನೇರ ಹಳ್ಳಿಯ ಬುಟ್ಟಿಗೆ ಇಳಿಸೋದು. 'ಸೈಟ್' ಅಂತ ಆ ಪ್ರಯೋಗದ ಹೆಸರು. ಶುರುವಾದದ್ದು 1975ರ ಆಗಸ್ಟ್ 1. ಆರು ರಾಜ್ಯಗಳ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳು. ಕರ್ನಾಟಕದಲ್ಲಿ ಯಾವ ಜಿಲ್ಲೆಗಳು ಗೊತ್ತೇ? ಗುಲ್ಬರ್ಗಾ, ರಾಯಚೂರು, ಬಿಜಾಪುರ! ಬೆಂಗಳೂರಿನ ಮಿತ್ರರು ಸ್ವಲ್ಪ ಕಿವಿ ಕೊಡಿ. ನಿಮ್ಮಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿ ಹೈಕಳು ಕನ್ನಡ ಟಿವಿ ನೋಡಿ ಆಕಳಿಸಿ ಆಗಿತ್ತು! ನಮ್ಮನ್ನು ಹಿಂದುಳಿದವರು ಅಂತೀರಲ್ಲಾ, ಅದಕ್ಕೆ ಹೇಳಿದೆ.

ಇನ್ನೊಂದು ಮಜಾ ಕೇಳಿ. ಸ್ಟಾನ್ಲಿ ಕುಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕೆ ಕಥೆ ಬರೆದ ಆರ್ಥರ್ ಸಿ. ಕ್ಲಾರ್ಕ್ ಆಗ ಕೊಲಂಬೊದಲ್ಲಿದ್ದರು. ಉಪಗ್ರಹದಿಂದ ಜಗತ್ತಿಗೆ ಸುದ್ದಿ ಮುಟ್ಟಿಸಬಹುದು ಅಂತ 1945ರಲ್ಲೇ ಬರೆದಿದ್ದ ಮನುಷ್ಯ. ಆ ಗೌರವಕ್ಕೆ ನಮ್ಮ ಇಸ್ರೋದವರು ಅವರ ಮನೆಗೂ ಇಂಥದ್ದೇ ಒಂದು ಬುಟ್ಟಿ ಹಾಕಿಕೊಟ್ಟರು. ಅಂದರೆ ಹಾಲಿವುಡ್ ಕಥೆಗಾರನೂ, ಮೂಗು ಸುರಿಸುತ್ತ ಕೂತ ನಾನೂ ಒಂದೇ ಉಪಗ್ರಹದ ಪ್ರೇಕ್ಷಕರು!

ಕಾರ್ಯಕ್ರಮ ಬೆಳಗ್ಗೆ ಒಂದೂವರೆ ತಾಸು, ಸಂಜೆ ಎರಡೂವರೆ ತಾಸು. ಬೆಳಗಿನದು ಶಾಲೆ ಮಕ್ಕಳಿಗೆ, ಸಂಜೆಯದು ಊರಿಗೆ. ಅದನ್ನು ಎಲ್ಲ ಭಾಷೆಯವರೂ ಹಂಚಿಕೊಳ್ಳಬೇಕು, ನಮ್ಮ ಪಾಲಿಗೆ ಕನ್ನಡ ಬರ್ತಿದ್ದದ್ದು ಸ್ವಲ್ಪ ಹೊತ್ತು. ಆ ಉಪಗ್ರಹಕ್ಕೆ ಚಿತ್ರದ ದಾರಿ ಒಂದು, ಧ್ವನಿಯ ದಾರಿ ಎರಡು. ಹಾಗಾಗಿ ಸಂಜೆ ಆಂಧ್ರದವರಿಗೂ ನಮಗೂ ಚಿತ್ರ ಒಂದೇ, ಅವರ ಸೆಟ್ಟಿನಲ್ಲಿ ತೆಲುಗು, ನಮ್ಮ ಸೆಟ್ಟಿನಲ್ಲಿ ಕನ್ನಡ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ! ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ನಮ್ಮ ಚಿತ್ರರಂಗ ದಶಕಗಟ್ಟಲೆ ಹೋರಾಡಿತು. ನಾನು ಮಾತ್ರ ಮೊದಲ ಡಬ್ಬಿಂಗ್ ನೋಡಿದ್ದು ಹತ್ತನೇ ವಯಸ್ಸಿಗೆ, ಹೀರೋ ಒಂದು ಎಮ್ಮೆ. ಅದಕ್ಕೆ ಚುಚ್ಚುಮದ್ದು ಹಾಕ್ತಿದ್ದರು.

ಈಗ ವಿಷಯಕ್ಕೆ ಬರ್ತೀನಿ.

ನನಗೊಬ್ಬ ಗೆಳೆಯ ಇದ್ದ. ಒಂದೇ ಕ್ಲಾಸು, ಒಂದೇ ಬೆಂಚು. ಬೆಂಚು ಎಲ್ಲಿತ್ತು, ಒಂದೇ ಗೋಣಿತಟ್ಟು ಅನ್ನಿ. ಅವನ ಮನೆ ದಲಿತರ ಕೇರಿಯಲ್ಲಿ. ಬೆಳಗಿನ ಟಿವಿಗೆ ಮಾಸ್ತರು ನಮ್ಮನ್ನು ಎತ್ತರದ ಪ್ರಕಾರ ಕೂರಿಸುತ್ತಿದ್ದರು, ಗಿಡ್ಡರು ಮುಂದೆ, ಉದ್ದದವರು ಹಿಂದೆ. ನಾವಿಬ್ಬರೂ ಗಿಡ್ಡರೇ. ಭುಜಕ್ಕೆ ಭುಜ ತಾಗಿಸಿ, ಪೆಟ್ಟಿಗೆಗೆ ಮೂಗು ತಾಗಿಸಿ ಕೂತಿರ್ತಿದ್ದೆವು.

ಸಂಜೆ ಹಾಗಲ್ಲ. ಸಂಜೆ ಊರು ಬರ್ತಿತ್ತು. ಕಟ್ಟೆಯ ಮೇಲೆ ಜಮಖಾನ ಹಾಸಿ ಹಿರಿಯರು. ಅವರ ಹಿಂದೆ ಉಳಿದ ಗಂಡಸರು, ಗೋಡೆ ಬದಿಗೆ ಹೆಂಗಸರು ಮಕ್ಕಳು. ಕೇರಿಯವರು ಅಂಗಳ ದಾಟಿ ಆ ಕಡೆ, ಬೇವಿನ ಗಿಡದ ಬುಡದಲ್ಲಿ. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಬೈದೂ ಇರಲಿಲ್ಲ. ಮೊದಲ ದಿನವೇ ಎಲ್ಲರೂ ತಮ್ಮ ತಮ್ಮ ಜಾಗ ನೋಡಿಕೊಂಡು ನಿಂತುಬಿಟ್ಟರು, ತಲೆತಲಾಂತರದಿಂದ ಟಿವಿ ನೋಡಿಕೊಂಡೇ ಬಂದವರ ಹಾಗೆ! ಸರ್ಕಾರ ಪೆಟ್ಟಿಗೆಯನ್ನು ಶಾಲೆಯಲ್ಲಿಟ್ಟದ್ದು ಎಲ್ಲರೂ ಬರಲಿ ಅಂತಲೇ. ಬಂದರು. ಎಲ್ಲಿ ನಿಲ್ಲಬೇಕು ಅನ್ನೋದನ್ನು ಮಾತ್ರ ಉಪಗ್ರಹ ಹೇಳಲಿಲ್ಲ.

ನಾನು ಮೊದಲ ಸಂಜೆ ಗೆಳೆಯನ ಜೊತೆ ಗಿಡದ ಕಡೆಗೇ ಹೊರಟಿದ್ದೆ. ನಮ್ಮಪ್ಪ ಕಟ್ಟೆಯ ಮೇಲಿಂದ ಒಂದೇ ಒಂದು ಸಲ ಕೆಮ್ಮಿದರು. ನಾನು ಒಳಗೆ ಹೋಗಿ ಕೂತೆ. ತಿರುಗಿ ನೋಡಲಿಲ್ಲ. ಇಷ್ಟೇ ನಡೆದದ್ದು, ಇದರಲ್ಲಿ ಫೈಟೂ ಇಲ್ಲ, ಡೈಲಾಗೂ ಇಲ್ಲ.

ಮರುದಿನ ಬೆಳಗ್ಗೆ ಅವನು ಕೇಳಿದ: "ನಿನ್ನೆ ಏನಂದ್ರೋ ಅದರಾಗ? ಗಿಡದ ತನಕ ಏನೂ ಕೇಳಸಂಗಿಲ್ಲ." ನಾನು ಹೇಳಿದೆ. ಅವತ್ತಿನಿಂದ ಅದೇ ನನ್ನ ಕೆಲಸವಾಯ್ತು. ಸಂಜೆ ನೋಡೋದು, ಬೆಳಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಒಪ್ಪಿಸೋದು. ಕಷ್ಟ ಏನಾಯ್ತೆಂದರೆ, ದೊಡ್ಡವರ ನಡುವೆ ಕೂತ ನನಗೆ ಅರ್ಧ ಕಾರ್ಯಕ್ರಮಕ್ಕೆ ನಿದ್ದೆ ಬರ್ತಿತ್ತು. ಬಿತ್ತನೆ ಬೀಜ, ಗೊಬ್ಬರ, ಕುಟುಂಬ ಯೋಜನೆ... ಹತ್ತು ವರ್ಷದವನಿಗೆ ಇದರಲ್ಲಿ ಏನು ಸ್ವಾರಸ್ಯ? ಅದಕ್ಕೇ ನಾನು ಕಥೆ ಕಟ್ಟತೊಡಗಿದೆ. ಜೋಳದ ಹೊಲದ ರೈತನಿಗೆ 'ಬಂಗಾರದ ಮನುಷ್ಯ'ದ ಅಣ್ಣಾವ್ರ ಮಾತು ಕೊಟ್ಟೆ. ಪಾಠ ಹೇಳುವವರಿಗೆಲ್ಲ 'ನಾಗರಹಾವು' ಚಾಮಯ್ಯ ಮೇಷ್ಟ್ರ ದನಿ. ಎಮ್ಮೆಗೆ ಚುಚ್ಚುಮದ್ದು ಹಾಕುವ ಡಾಕ್ಟರು ಕೊನೆಗೆ ಕಳ್ಳಸಾಗಣೆಗಾರರನ್ನು ಹಿಡಿಯುತ್ತಿದ್ದರು! ಗೆಳೆಯ ಬಾಯಿ ಬಿಟ್ಟುಕೊಂಡು ಕೇಳ್ತಿದ್ದ. ನಡುನಡುವೆ, "ಹಿಂಗ ಅಂದ್ನೇನು? ಖರೇನs?" ಅಂತಿದ್ದ. "ದೇವರಾಣೆ" ಅಂತಿದ್ದೆ ನಾನು.

ಟೆಂಟಿನಲ್ಲಿ ಮಾತ್ರ ನಾವು ಜೊತೆಗೇ ಕೂರ್ತಿದ್ದೆವು. ಜಾತ್ರೆಯ ಟೆಂಟಿನಲ್ಲಿ ದೀಪ ಆರಿದ ಮೇಲೆ ಯಾರ ಮಗ್ಗುಲಿಗೆ ಯಾರು ಅಂತ ಯಾರು ನೋಡ್ತಾರೆ? ಎಲ್ಲರ ತಲೆಯ ಮೇಲೂ ಅದೇ ಬೆಳಕು, ಅದೇ ಬೀಡಿ ಹೊಗೆ. ಟಿವಿ ನೋಡೋದಕ್ಕೆ ಕತ್ತಲು ಬೇಕಿಲ್ಲ ನೋಡಿ, ಅದೇ ಅದರ ತೊಂದರೆ.

1976ರ ಜುಲೈ 31ಕ್ಕೆ ಒಂದು ವರ್ಷ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆ ಎಳಕೊಂಡರು. ಪೆಟ್ಟಿಗೆಯ ತುಂಬಾ ಬರೀ ಸೊಳ್ಳೆ. ಕೆಲವು ದಿನ ಊರಿನವರು ಸಂಜೆ ಬಂದು ಸೊಳ್ಳೆಯನ್ನೇ ನೋಡಿ ಹೋಗ್ತಿದ್ದರು. ಮರುವರ್ಷ 1977ರಲ್ಲಿ ಗುಲ್ಬರ್ಗಾಕ್ಕೇ ಟಿವಿ ಕೇಂದ್ರ ಬಂತು, ಇಡೀ ಕರ್ನಾಟಕದಲ್ಲಿ ಮೊದಲನೆಯದು. ಆದರೆ ನಮ್ಮ ಶಾಲೆಯ ಪೆಟ್ಟಿಗೆ ಅಷ್ಟರಲ್ಲಿ ಬೀರು ಸೇರಿತ್ತು. ಆಕಾಶ ನೋಡುತ್ತಿದ್ದ ಬುಟ್ಟಿಯನ್ನು ಯಾರೋ ಬಿಚ್ಚಿದರು, ಜಾಳಿಗೆ ಕೊನೆಗೆ ನಿಜಕ್ಕೂ ಕೋಳಿಗೂಡಾಯ್ತು.

ಆಮೇಲೆ ಕೆಲವು ವರ್ಷ ನನಗೆ ಟಿವಿಯ ನೆನಪೇ ಇಲ್ಲ. ಸೋಲಾಪುರಕ್ಕೆ ಕದ್ದು ಹೋಗಿ 'ಶೋಲೇ' ನೋಡಿದ್ದು, ಗುಲ್ಬರ್ಗಾದಲ್ಲಿ 'ಶಂಕರ್ ಗುರು'ವಿಗೆ ಅಂಗಿ ಹರಿದುಕೊಂಡದ್ದು... ಅದನ್ನೆಲ್ಲ ಹಿಂದೆಯೇ ಬರೆದಿದ್ದೀನಿ. ಗೆಳೆಯ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪುಣೆಗೆ ಗಾರೆ ಕೆಲಸಕ್ಕೆ ಹೋದ. ನಾನು ಗುಲ್ಬರ್ಗಾದಲ್ಲಿ ರೇಡಿಯೊ, ಟಿವಿ ರಿಪೇರಿ ಕಲಿತೆ.

ಕಲಿಯುವಾಗ ವಾರದ ಕೊನೆಗೆ ಆಳಂದಕ್ಕೆ ಹೋಗ್ತಿದ್ದೆ, ನಮ್ಮಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಭಾವನ ಅಂಗಡಿಯಲ್ಲಿ ಟಿವಿ ತಂದಿಟ್ಟಿದ್ದರು. 1984ರ ನವೆಂಬರ್ 3, ಇಂದಿರಾ ಗಾಂಧಿಯವರ ಅಂತ್ಯಸಂಸ್ಕಾರ. ಆ ಅಂಗಡಿಯ ಮುಂದೆ ಬೀದಿ ತುಂಬಿತ್ತು, ಒಂದು ಮಾತಿಲ್ಲ. ನಮ್ಮಕ್ಕ ಸೆರಗು ಬಾಯಿಗಿಟ್ಟು ಅಳ್ತಾ, "ಏನಂತಾನೋ ಅವ?" ಅಂತ ಹಿಂದಿ ಕಾಮೆಂಟರಿಯ ಅರ್ಥ ನನ್ನ ಕೇಳ್ತಿದ್ದಳು. ಆ ಕಾಲಕ್ಕೆ ಟಿವಿ ಪೂರಾ ಹಿಂದಿಯಾಗಿತ್ತು. 'ಹಮ್ ಲೋಗ್' ಬಂತು, ಚಿತ್ರಹಾರ್ ಬಂತು. ಕನ್ನಡ ಸಿನಿಮಾ ಬೇಕೆಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಭಾಷಾ ಚಿತ್ರಕ್ಕೆ ಕಾಯಬೇಕು, ನಮ್ಮ ಸರದಿ ಬರೋದು ಯಾವಾಗಲೋ. ನಮ್ಮ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಮಾಡಿದಾಗ ಎದೆ ಉಬ್ಬಿಸಿಕೊಂಡು ಕೂತೆವು. ಆಗುಂಬೆಯ ಬೀದಿ, ನಮ್ಮ ಮಾಸ್ಟರ್ ಮಂಜುನಾಥ, ನಮ್ಮ ಗಿರೀಶ್ ಕಾರ್ನಾಡರು, ಎಲ್ಲರೂ ನಮ್ಮವರೇ... ಮಾತು ಹಿಂದಿ! ಅಕ್ಕ ಕೇಳಿದಳು: "ಶಂಕರ್‌ನಾಗಗ ಕನ್ನಡ ಮರ್ತಹೋತೇನು?" ಹತ್ತು ವರ್ಷದ ಹಿಂದೆ ತೆಲುಗು ತುಟಿಯ ಮೇಲೆ ಕನ್ನಡ ಕೇಳಿದ್ದವನು ನಾನು. ಈಗ ಕನ್ನಡದ ಮುಖದ ಮೇಲೆ ಹಿಂದಿ ಕೇಳಿದೆ.

1987ರಲ್ಲಿ ಜೇವರ್ಗಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದೆ. ಒಳ್ಳೇ ಮುಹೂರ್ತ, ಆ ಜನವರಿಯಲ್ಲೇ ರಮಾನಂದ ಸಾಗರರ 'ರಾಮಾಯಣ' ಶುರು! ಶನಿವಾರ ರಾತ್ರಿ ಅಂಗಡಿಯ ಮುಂದೆ ಪಾಳಿ. ಡಯನೋರಾ, ಸಾಲಿಡೇರ್, ಕ್ರೌನ್, ಎಲ್ಲ ಥರದ ಪೆಟ್ಟಿಗೆ ತಲೆಯ ಮೇಲೆ ಹೊತ್ತು ತರ್ತಿದ್ದರು. "ನಾಳೆ ರಾಮ ಬರೂದ್ರಾಗ ಆಗಬೇಕ್ ನೋಡ್ರಿ!" ಅಂತ ತಾಕೀತು. ಎಲ್ಲರೂ ನನಗೆ ಪುಣ್ಯವಂತ ಅಂತಿದ್ದರು, ದಿನಾ ಟಿವಿ ನೋಡ್ತಾನೆ ಅಂತ. ಒಳಗಿನ ಗುಟ್ಟು ಹೇಳ್ಲಾ? ಟಿವಿ ಮೆಕ್ಯಾನಿಕ್ ಕೂರೋದು ಪೆಟ್ಟಿಗೆಯ ಹಿಂದೆ. ಮುಂದೆ ಚಿತ್ರ ಸರಿಯಾಯ್ತೋ ಇಲ್ಲವೋ ನೋಡೋಕೆ ಎದುರಿಗೊಂದು ಕನ್ನಡಿ ಇಟ್ಟುಕೊಂಡಿರ್ತಾನೆ. ನಾನು ಇಡೀ ರಾಮಾಯಣ ನೋಡಿದ್ದು ಕನ್ನಡಿಯಲ್ಲಿ. ನನ್ನ ಪಾಲಿಗೆ ಶ್ರೀರಾಮ ಎಡಗೈ ಬಿಲ್ಲುಗಾರ!

'ಮಹಾಭಾರತ' ನಡೆಯುತ್ತಿದ್ದಾಗ ಗೆಳೆಯ ಪುಣೆಯಿಂದ ಬಂದ. ಮೇಸ್ತ್ರಿ ಆಗಿದ್ದ, ಕೈಯಲ್ಲಿ ನಾಲ್ಕು ಕಾಸಿತ್ತು. ಸೋಲಾಪುರದಿಂದ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಸೆಟ್ಟು ತಂದಿದ್ದ, ಸೆಕೆಂಡ್ ಹ್ಯಾಂಡು. ಕೇರಿಗೆ ಅದೇ ಮೊದಲ ಟಿವಿ. ನಾನು ಊರಿಗೆ ಹೋಗಿ ಕಂಬ ಹಾಕಿ ಆಂಟೆನಾ ಕಟ್ಟಿ, ಗುಲ್ಬರ್ಗಾ ದಿಕ್ಕಿಗೆ ತಿರುಗಿಸಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಅವನೂ "ತಗೋ" ಅಂತ ಒತ್ತಾಯ ಮಾಡಲಿಲ್ಲ.

1990ರ ಬೇಸಿಗೆ, ಕುರುಕ್ಷೇತ್ರ ಯುದ್ಧದ ವಾರಗಳು. ಊರಲ್ಲಿ ದೊಡ್ಡ ಮನೆಯ ಕಲರ್ ಟಿವಿ ಕೆಟ್ಟಿತು. ಶನಿವಾರ ರಾತ್ರಿ ನನಗೆ ಹೇಳಿಕಳಿಸಿದರು. ಹೋಗಿ ಬಿಚ್ಚಿ ನೋಡಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಹೈದರಾಬಾದಿನಿಂದ ತರಿಸಬೇಕು. ಆಗಲ್ಲ ಅಂದೆ. ಬೆಳಗಾಯ್ತು. ಕರ್ಣನ ರಥದ ಚಕ್ರ ಹೂತುಹೋಗುವ ವಾರ ಅದು. ಮೊದಲು ದೊಡ್ಡ ಓಣಿಯ ಮಕ್ಕಳು ಕೇರಿಯ ಕಡೆ ಓಡಿದವು. ಹೋಗಿ ಗೆಳೆಯನ ಮನೆಯೊಳಗೆ, ನೆಲದ ಮೇಲೆ, ಕೇರಿಯ ಮಕ್ಕಳ ನಡುವೆಯೇ ಕೂತುಬಿಟ್ಟವು. ಸ್ವಲ್ಪ ಹೊತ್ತಿಗೆ ಮಕ್ಕಳನ್ನು ಕರೆಯಲು ಬಂದವರು ಹಾಗೇ ನಿಂತರು. ನಾಲ್ಕು ಜನ, ಆಮೇಲೆ ಹತ್ತು ಜನ. ಒಳಗೆ ಬರಲಿಲ್ಲ. ಬಾಗಿಲ ಆಚೆ, ಬಿಸಿಲಲ್ಲಿ ನಿಂತೇ ನೋಡಿದರು.

ನಾನು ಎಲ್ಲಿದ್ದೆ ಅಂತೀರಾ? ಒಳಗೆ. ಸೆಟ್ಟಿನ ಹಿಂದೆ. ವೋಲ್ಟೇಜ್ ಏರಿಳಿತವಿತ್ತು, ಚಿತ್ರ ಕುಣೀತಿತ್ತು, ಹಿಡಿದು ನಿಲ್ಲಿಸೋಕೆ ಕೂತಿದ್ದೆ. ಗೆಳೆಯ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. "ಸೌಂಡ್ ಏರ್ಸು" ಅಂದ. "ಹೊರಗಿನವರಿಗೂ ಕೇಳಸ್ಲಿ." ನಾನು ಏರಿಸಿದೆ. ಮಾತು ಹಿಂದಿಯದ್ದು, ಕೇಳಿಸಿದರೂ ಅರ್ಧ ಜನಕ್ಕೆ ಅರ್ಥ ಆಗ್ತಿರಲಿಲ್ಲ, ಅದು ಬೇರೆ ಮಾತು.

ಆಮೇಲಿನದು ನಿಮಗೆಲ್ಲ ಗೊತ್ತಿರೋದೇ, ಬೇಗ ಮುಗಿಸ್ತೀನಿ. ಕೇಬಲ್ ಬಂತು. 1994ರಲ್ಲಿ ಉದಯ ಟಿವಿ ಬಂತು, ಕನ್ನಡ ಮನೆಗೆ ವಾಪಸ್ ಬಂತು ಅಂತ ಕುಣಿದಾಡಿದೆವು. ದಿನಕ್ಕೆ ಮೂರು ಸಿನಿಮಾ! ಹೊಟ್ಟೆ ತುಂಬಿತು, ಟೆಂಟು ಮುಚ್ಚಿತು. ಮನೆಮನೆಗೂ ಪೆಟ್ಟಿಗೆ ಬಂದ ಮೇಲೆ ಯಾರು ಎಲ್ಲಿ ಕೂರಬೇಕು ಅನ್ನೋ ಪ್ರಶ್ನೆಯೇ ಏಳಲಿಲ್ಲ, ಯಾರೂ ಯಾರ ಜೊತೆಯೂ ಕೂರಬೇಕಿರಲಿಲ್ಲವಲ್ಲ. ಧಾರಾವಾಹಿಗಳಲ್ಲಿ ನಮ್ಮ ಕಡೆ ಮಾತಾಡುವವರು ಬಂದರೆಂದರೆ ಒಂದೋ ಆಳು, ಇಲ್ಲಾ ಜೋಕರು. ಇದರ ಬಗ್ಗೆ ನನಗೆ ಖಂಡಿತಾ ಸಿಟ್ಟಿದೆ, ಬಸ್ ಸ್ಟ್ಯಾಂಡಿನ ತಮ್ಮ ಬರೆದಿಟ್ಟುಕೊಳ್ಳಲಿ. ತೆಳ್ಳಗಿನ ಟಿವಿಗಳು ಬಂದ ಮೇಲೆ ರಿಪೇರಿಯೂ ಇಲ್ಲ, ಪ್ಯಾನೆಲ್ ಹೋದರೆ ಸೆಟ್ಟೇ ಹೋದ ಹಾಗೆ. ನನ್ನ ಅಂಗಡಿ ಈಗ ಮೊಬೈಲ್ ಅಂಗಡಿ, ಮಗ ನೋಡಿಕೊಳ್ತಾನೆ. ಕನ್ನಡಿ ಮಾತ್ರ ಇನ್ನೂ ಗೋಡೆಯ ಮೇಲಿದೆ, ಗಿರಾಕಿಗಳು ಕ್ರಾಪು ತೀಡಿಕೊಳ್ತಾರೆ. ನಾನು ಟಿವಿ ನೋಡೋದು ಬಿಟ್ಟು ಬಹಳ ವರ್ಷವಾಯ್ತು. ಹೆಂಡತಿ ನೋಡ್ತಾಳೆ, ನಾನು ಪಕ್ಕದ ಕೋಣೆಯಿಂದ ಕೇಳ್ತೀನಿ.

ಹೋದ ವರ್ಷ ಗೆಳೆಯ ಮೊಮ್ಮಗಳ ಜವಳದ ಕಾರ್ಡು ಕೊಡೋಕೆ ಪುಣೆಯಿಂದ ಬಂದಿದ್ದ. ಜೇವರ್ಗಿಯಲ್ಲಿ ನಮ್ಮ ಮನೆಯಲ್ಲೇ ಉಳಿದ. ರಾತ್ರಿ ಊಟವಾದ ಮೇಲೆ ನಮ್ಮ ಟಿವಿಯ ಮುಂದೆ ಕೂತ. ಯಾವುದೋ ಚಾನೆಲಿನಲ್ಲಿ 'ಬಂಗಾರದ ಮನುಷ್ಯ' ಬರ್ತಿತ್ತು. ಅಣ್ಣಾವ್ರು ಬಂಡೆ ನೆಲದಲ್ಲಿ ಬೆಳೆ ತೆಗೆಯೋಕೆ ಹೊರಟಿದ್ದರು. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಾನು ಅವತ್ತು ಹೇಳಿಬಿಟ್ಟೆ. "ಆ ಶಾಲಿ ಟಿವಿದಾಗ ಬಂದದ್ದು ಅಂತ ನಾ ದಿನಾ ಮುಂಜಾನೆ ಹೇಳ್ತಿದ್ದೆನಲ್ಲ, ಅದರಾಗ ಅರ್ಧ ಸುಳ್ಳೋ. ನಾ ಮಲ್ಕೊಂಡಿರ್ತಿದ್ದೆ. ಎಲ್ಲಾ ಸಿನಿಮಾದಿಂದ ಕದ್ದು ಹೇಳಿದ್ದು."

ಅವನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತದ" ಅಂದ. "ಗಿಡದ ತನಕ ಸೌಂಡ್ ಛಲೋ ಬರ್ತಿತ್ತು. ಎಲ್ಲಾ ಕೇಳಸ್ತಿತ್ತು ನನಗ."

"ಮತ್ತ ದಿನಾ ಯಾಕ ಕೇಳ್ತಿದ್ದಿ?"

"ನೀ ಒಳಗ ಹೋಗಿ ಕುಂತಿದ್ದೆಲ್ಲ. ಮುಂಜಾನೆ ನನ್ನ ಕೂಡ ಮಾತಾಡ್ತೀಯೋ ಇಲ್ಲೋ ಅಂತ ಕೇಳ್ತಿದ್ದೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಜಾಹೀರಾತು ಬಂತು. ಹೆಂಡತಿ ಒಳಗಿನಿಂದ ಎರಡು ಲೋಟ ಚಹಾ ತಂದಿಟ್ಟಳು. ಜಾಹೀರಾತು ಮುಗಿದು ಸಿನಿಮಾ ಮತ್ತೆ ಶುರುವಾದ ಮೇಲೆ ಅವನೇ, "ಆ ಎಮ್ಮಿ ಡಾಕ್ಟರಂದು ಕಥಿ ಭಾಳ ಛಲೋ ಇತ್ತಲೇ, ಅದನ್ನೊಮ್ಮೆ ಹೇಳು" ಅಂದ. ಪಿಕ್ಚರ್ ಮುಗಿದಾಗ ರಾತ್ರಿ ಹನ್ನೆರಡೂವರೆ. ಕೊನೆಯ ಅರ್ಧ ತಾಸು ನಾವಿಬ್ಬರೂ ನೋಡಲಿಲ್ಲ.

ಬಸ್ ಸ್ಟ್ಯಾಂಡಿನ ತಮ್ಮಾ, ಇದು ನೀ ಕೇಳಿದ್ದಕ್ಕೆ ಉತ್ತರ. ಮುಂದಿನ ವಾರ ಮತ್ತೆ ಟೆಂಟಿಗೆ ಹೋಗೋಣ. 'ಶಂಕರ್ ಗುರು'ವಿನ ಮೂರು ಪಾರ್ಟಿನಲ್ಲಿ ಯಾವುದು ಮೇಲು ಅಂತ ಅಫಜಲಪುರದ ಇಬ್ಬರು ಅಭಿಮಾನಿಗಳು ಹೊಡೆದಾಡಿಕೊಂಡ ಕಥೆ ಬಾಕಿ ಇದೆ.